ಅಜ್ಜಿಯ ರೇಡಿಯೋಗಾಗಿ ಒಂದು ನೋಕಿಯಾ 5800: ಮೂರು ಭಾನುವಾರದ ರಿಪೇರಿ

ಮೈಸೂರಿನಲ್ಲಿ ಚಿಕ್ಕಪ್ಪನ ಮನೆಗೆ ಸುಣ್ಣ ಬಣ್ಣ ಮಾಡಿಸಲು ಅಟ್ಟ ಖಾಲಿ ಮಾಡುತ್ತಿದ್ದೆವು. ಹಳೆಯ ಬಿಸ್ಕತ್ ಡಬ್ಬಿಯೊಂದರಲ್ಲಿ ಚಾರ್ಜರುಗಳ ದೊಡ್ಡ ಗಂಟು ಸಿಕ್ಕಿತು. ಅದನ್ನು ಎತ್ತಿದರೆ ಕೆಳಗೆ ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್. ಕಪ್ಪು ಮೈ, ಸುತ್ತ ಕೆಂಪು ಅಂಚು. ನಾನು ಹೈಸ್ಕೂಲಿನಲ್ಲಿದ್ದಾಗ ಇದನ್ನು ಮುಟ್ಟಬೇಕಾದರೆ ಕೈ ತೊಳೆದುಕೊಂಡು ಬರಬೇಕಿತ್ತು.

"ಲೋ, ಅದು ಸತ್ತು ಎಷ್ಟೋ ವರ್ಷ ಆಯ್ತು, ಬಿಸಾಕು" ಅಂದರು ಚಿಕ್ಕಪ್ಪ.

"ಇರಿ ಚಿಕ್ಕಪ್ಪ, ಒಂದು ಸಲ ಬಿಚ್ಚಿ ನೋಡ್ತೀನಿ."

ಕೆಳಗಿನಿಂದ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಅದರಲ್ಲಿ ರೇಡಿಯೋ ಬರತ್ತೇನೋ?" ಅಜ್ಜಿಯ ಟ್ರಾನ್ಸಿಸ್ಟರ್ ಹೋಗಿ ಎರಡು ತಿಂಗಳಾಗಿತ್ತು. ಹಾಗಾಗಿ ಗುರಿ ಅಲ್ಲೇ ಗೊತ್ತಾಯಿತು. ಈ ಫೋನಿನಲ್ಲಿ ಆಕಾಶವಾಣಿ ಬರಬೇಕು. ಮಿಕ್ಕಿದ್ದೆಲ್ಲ ಬಂದರೆ ಬೋನಸ್ಸು.

ಹುಡುಗರಿಗೆ ಈ ಫೋನ್ ಏನು ಅಂತ ಸ್ವಲ್ಪ ಹೇಳಬೇಕು. 2008ರ ಅಕ್ಟೋಬರ್ 2ರಂದು ಲಂಡನ್ನಿನಲ್ಲಿ ಇದನ್ನು ತೋರಿಸಿದರು. ಕಂಪನಿಯವರು ಒಳಗೊಳಗೇ ಇದನ್ನು 'ಟ್ಯೂಬ್' ಅಂತ ಕರೆಯುತ್ತಿದ್ದರು. ಫೋನ್ ನಡೆಸುವ ತಂತ್ರಾಂಶ ಎಸ್60 ಐದನೇ ಆವೃತ್ತಿಯ ಸಿಂಬಿಯನ್, 3.2 ಇಂಚಿನ ಪರದೆ, 640 ಬೈ 360 ಪಿಕ್ಸೆಲ್. ಅದೇ ವರ್ಷ ಆಗಸ್ಟಿನಲ್ಲಿ ಐಫೋನ್ 3ಜಿ ನಮ್ಮ ದೇಶಕ್ಕೆ ಬಂದಿತ್ತು, 8 ಜಿಬಿಯದ್ದಕ್ಕೆ 31,000 ರೂಪಾಯಿ. ಅದರ ಪರದೆ 480 ಬೈ 320 ಅಷ್ಟೇ. ಅದರಲ್ಲಿ ಎಫ್‌ಎಂ ಇರಲಿಲ್ಲ, ವಿಡಿಯೋ ತೆಗೆಯಲು ಆಗುತ್ತಿರಲಿಲ್ಲ, ಬ್ಲೂಟೂತಿನಲ್ಲಿ ಪಕ್ಕದವನಿಗೆ ಒಂದು ಹಾಡು ಕಳಿಸಲೂ ಆಗುತ್ತಿರಲಿಲ್ಲ. 5800ರಲ್ಲಿ ಇಷ್ಟೂ ಇತ್ತು. ಆದರೂ ಐಫೋನನ್ನು ಒಂದು ಸಲ ಬೆರಳಿನಿಂದ ಸವರಿದವರು ಇದನ್ನು ನೋಡಿ ಯಾಕೆ ಮೂಗು ಮುರಿದರು ಅನ್ನೋದು ಎರಡನೇ ಭಾನುವಾರ ಟಚ್ ಬಿಚ್ಚಿದಾಗ ಚೆನ್ನಾಗಿ ಅರ್ಥವಾಯಿತು.

ಮೊದಲು ಸುಮ್ನೆ ಕೈಯಲ್ಲಿ ಹಿಡಿದು ಸುತ್ತ ನೋಡಿದೆ. ಇವತ್ತಿನ ಫೋನಿನಲ್ಲಿ ಇರೋದು ಒಂದೇ ತೂತು. ಇದರ ಮೈತುಂಬ ಬಾಗಿಲುಗಳು. ಮೇಲ್ಗಡೆ ಪವರ್ ಬಟನ್, 3.5 ಮಿಲಿಮೀಟರಿನ ಜ್ಯಾಕ್, ಮುಚ್ಚಳದ ಒಳಗೆ ಮೈಕ್ರೋ ಯುಎಸ್‌ಬಿ, ಪಕ್ಕದಲ್ಲಿ ಚಾರ್ಜರಿನ ಸಣ್ಣ 2 ಮಿಲಿಮೀಟರ್ ತೂತು. ಎಡಗಡೆ ಸಿಮ್ಮಿಗೊಂದು ಬಾಗಿಲು, ಮೆಮೊರಿ ಕಾರ್ಡಿಗೊಂದು ಬಾಗಿಲು, ಜೊತೆಗೆ ಎರಡು ಸ್ಪೀಕರ್. ಬಲಗಡೆ ವಾಲ್ಯೂಮ್, ಲಾಕ್ ಜಾರಿಸುವ ಸ್ವಿಚ್ಚು, ಕ್ಯಾಮೆರಾ ಬಟನ್. ಹಿಂದೆ 3.2 ಮೆಗಾಪಿಕ್ಸೆಲ್ ಕಾರ್ಲ್ ಝೈಸ್ ಕ್ಯಾಮೆರಾ, ಎರಡು ಎಲ್‌ಇಡಿ. ಮೂಲೆಯಲ್ಲಿ ಪರದೆ ಒತ್ತಲು ಸ್ಟೈಲಸ್ ಕಡ್ಡಿ, ಅದು ಮಾತ್ರ ಹೇಗೋ ಉಳಿದಿತ್ತು. ಯುಎಸ್‌ಬಿ ಮುಚ್ಚಳ ಕಿತ್ತುಹೋಗಿ ಯಾವ ಕಾಲವಾಯಿತೋ.

ಮೊದಲ ಭಾನುವಾರ ಪೂರ್ತಿ ಬ್ಯಾಟರಿಗೇ ಹೋಯಿತು. ಹಿಂಬದಿ ಮುಚ್ಚಳ ತೆಗೆಯುವಾಗಲೇ ಅನುಮಾನ ಬಂತು, ಒಳಗಿನಿಂದ ಯಾರೋ ತಳ್ಳುತ್ತಿರುವ ಹಾಗಿತ್ತು. ಬಿಎಲ್-5ಜೆ, 1320 ಎಂಎಎಚ್. ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿದರೆ ಬುಗುರಿ ಥರ ಸುತ್ತಿತು. ಸಪಾಟಾಗಿರಬೇಕಾದ ಬ್ಯಾಟರಿ ಸುತ್ತಿದರೆ ಹೊಟ್ಟೆ ಉಬ್ಬಿದೆ ಅಂತಲೇ ಲೆಕ್ಕ. ಅದನ್ನು ಚುಚ್ಚಬೇಡಿ, ಒತ್ತಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ನಾನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆ.

ಹೊಸ ಬಿಎಲ್-5ಜೆ ಅಂತ ಒಂದು ಅಂಗಡಿಯಲ್ಲಿ 250 ರೂಪಾಯಿ ಕೊಟ್ಟು ತಂದೆ. ಮಿರಮಿರ ಹೊಳೆಯುವ ಹೊಲೊಗ್ರಾಮ್ ಸ್ಟಿಕ್ಕರ್ ಬೇರೆ. ಹಾಕಿದರೆ ಫೋನ್ ಒಂದು ಸಲ ಕಂಪಿಸಿ ಸುಮ್ಮನಾಯಿತು. ಮಲ್ಟಿಮೀಟರ್ ಇಟ್ಟೆ. ಸುಮ್ಮನಿದ್ದಾಗ 3.8 ವೋಲ್ಟ್ ತೋರಿಸುತ್ತೆ, ಫೋನ್ ಹಚ್ಚಲು ಹೋದ ಕೂಡಲೇ ಜರ್ರನೆ ಇಳಿಯುತ್ತೆ. ನೋಡೋಕೆ ಮಾತ್ರ ಬ್ಯಾಟರಿ. ವಾಪಸ್ ಕೊಡಲು ಹೋದರೆ "ಎಲೆಕ್ಟ್ರಾನಿಕ್ಸ್‌ಗೆ ಗ್ಯಾರಂಟಿ ಇಲ್ಲ ಸಾರ್" ಅಂದರು. ಸರಿ, ಬಿಟ್ಟೆ.

ಆಮೇಲೆ ತಲೆಗೆ ಹೊಳೆಯಿತು. ನನ್ನ ಹಳೆಯ ಲೂಮಿಯಾ 520 ಬೀರುವಿನಲ್ಲಿ ಬಿದ್ದಿದೆ, ಅದರ ಬ್ಯಾಟರಿಯೂ ಬಿಎಲ್-5ಜೆಯೇ ಅಲ್ವಾ! ಅದು 1430 ಎಂಎಎಚ್, ಅಳತೆ ಅದೇ, ಮೂರು ಕಾಂಟ್ಯಾಕ್ಟ್ ಇರುವ ಜಾಗವೂ ಅದೇ. ತೆಗೆದು ಹಾಕಿದೆ. ಯುಎಸ್‌ಬಿ ಕೇಬಲ್ ಚುಚ್ಚಿದೆ, ಏನೂ ಆಗಲಿಲ್ಲ. ಹತ್ತು ನಿಮಿಷ ಕಾದ ಮೇಲೆ ನೆನಪಾಯಿತು, ಈ ಫೋನಿನ ಯುಎಸ್‌ಬಿ ಡೇಟಾಗೆ ಮಾತ್ರ, ಅದರಿಂದ ಚಾರ್ಜ್ ಆಗಲ್ಲ. ಬಿಸ್ಕತ್ ಡಬ್ಬಿಯ ಗಂಟು ಬಿಡಿಸಿ ಸಣ್ಣ ಪಿನ್ನಿನ ಚಾರ್ಜರ್ ಹುಡುಕಿ ಹಾಕಿದೆ. ಅರ್ಧ ಗಂಟೆ ಬಿಟ್ಟು ಪವರ್ ಒತ್ತಿದರೆ, ಎರಡು ಕೈ ಒಂದನ್ನೊಂದು ಹಿಡಿಯುವ ಆ ಚಿತ್ರ ಬಂತು. ಚಿಕ್ಕಪ್ಪ ಟಿವಿ ಬಿಟ್ಟು ಎದ್ದು ಬಂದರು.

ಬಂದವರಿಗೆ ಕಂಡದ್ದು ಇನ್ನೊಂದು ತೊಂದರೆ. ಟಚ್ ಹುಚ್ಚು ಹುಚ್ಚಾಗಿ ಆಡುತ್ತಿತ್ತು. ಮಧ್ಯದಲ್ಲಿ ಒತ್ತಿದರೆ ಬಲತುದಿಯಲ್ಲಿ ಒತ್ತಿದ ಹಾಗೆ ತೆಗೆದುಕೊಳ್ಳುತ್ತೆ. ಎಡಕ್ಕೆ ಒತ್ತಿದರೂ ಬಲತುದಿಯೇ. ಆದರೆ ಮೇಲೆ ಕೆಳಗೆ ಮಾತ್ರ ಸರಿಯಾಗಿ ಗೊತ್ತಾಗುತ್ತಿತ್ತು. "ಒಂದು ಸಲ ಬಸ್ಸಿನಿಂದ ಇಳಿಯುವಾಗ ಬೀಳಿಸಿದ್ದೆ" ಅಂತ ಆಗ ಒಪ್ಪಿಕೊಂಡರು.

ಎರಡನೇ ಭಾನುವಾರ ಬಿಚ್ಚಿದೆ. ಸಣ್ಣ ಟಾರ್ಕ್ಸ್ ಸ್ಕ್ರೂಡ್ರೈವರ್ ಸೆಟ್ಟು, ಹಳೆಯ ಎಟಿಎಂ ಕಾರ್ಡು, ಅತ್ತಿಗೆಯ ಹೇರ್ ಡ್ರೈಯರ್. ಸ್ಕ್ರೂ ತೆಗೆದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಚಿತ್ರ ಬರೆದು, ಸೆಲ್ಲೋಟೇಪಿನಲ್ಲಿ ಅಂಟಿಸುತ್ತ ಹೋದೆ. ಇದು ಬೇಸರದ ಕೆಲಸ, ಆದರೆ ಮಾಡದೇ ಇದ್ದರೆ ಕೊನೆಗೆ ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋಗಿ ಬೋರ್ಡಿಗೆ ಚುಚ್ಚುತ್ತೆ.

ಇದರದು ರೆಸಿಸ್ಟಿವ್ ಟಚ್. ಮೇಲೆ ತೆಳು ಪ್ಲಾಸ್ಟಿಕ್ ಪದರ, ಕೆಳಗೆ ಗಾಜು. ಎರಡೂ ಮುಖಾಮುಖಿಯಾಗುವ ಬದಿಯಲ್ಲಿ ಕರೆಂಟು ಹರಿಯುವ, ಆದರೆ ಕಣ್ಣಿಗೆ ಕಾಣದ ಲೇಪ. ಎರಡೂ ಅಂಟಿಕೊಳ್ಳದಂತೆ ನಡುವೆ ಧೂಳಿನ ಕಣದಂಥ ಸಣ್ಣ ಚುಕ್ಕಿಗಳು. ನಾವು ಒತ್ತಿದ ಜಾಗದಲ್ಲಿ ಮೇಲಿನದು ಕೆಳಗಿನದಕ್ಕೆ ತಾಗುತ್ತೆ. ಫೋನು ಮೊದಲು ಒಂದು ಪದರದ ಎರಡು ತುದಿಗೆ ವೋಲ್ಟೇಜ್ ಕೊಟ್ಟು, ಇನ್ನೊಂದು ಪದರದಿಂದ ಎಷ್ಟು ಬಂತು ಅಂತ ಅಳೆಯುತ್ತೆ. ಅರ್ಧ ವೋಲ್ಟೇಜ್ ಬಂದರೆ ಒತ್ತಿದ್ದು ನಡುವೆ, ಕಾಲು ಭಾಗ ಬಂದರೆ ತುದಿಯ ಹತ್ತಿರ. ಆಮೇಲೆ ಪದರಗಳನ್ನು ಅದಲು ಬದಲು ಮಾಡಿ ಇನ್ನೊಂದು ದಿಕ್ಕನ್ನೂ ಅಳೆಯುತ್ತೆ. ಒಟ್ಟು ನಾಲ್ಕು ತಂತಿ, ಇಷ್ಟೇ ಕತೆ. ಒತ್ತಡ ಬಿದ್ದರೆ ಸಾಕು, ಬೆರಳೇ ಆಗಬೇಕಿಲ್ಲ. ಕೈಗೆ ರೊಟ್ಟಿ ಹಿಟ್ಟು ಮೆತ್ತಿದ್ದರೆ ಉಗುರಿನ ತುದಿಯಲ್ಲಿ ಒತ್ತಬಹುದು, ಪೆನ್ನಿನ ಹಿಂಬದಿಯೂ ನಡೆಯುತ್ತೆ. ಗಿಟಾರ್ ನುಡಿಸುವ ಪ್ಲೆಕ್ಟ್ರಮ್ ಆಕಾರದ ಒಂದು ಬಿಲ್ಲೆಯನ್ನೂ ಆಗ ಇದಕ್ಕೆಂದೇ ಕೊಡುತ್ತಿದ್ದರು. ಆದರೆ ಬೆರಳು ಸವರಿದರೆ ಸಾಲದು, ಒತ್ತಲೇಬೇಕು. ಒಮ್ಮೆಗೆ ಒಂದೇ ಜಾಗ ಗೊತ್ತಾಗುವುದು, ಹಾಗಾಗಿ ಎರಡು ಬೆರಳಿನಲ್ಲಿ ಫೋಟೋ ದೊಡ್ಡದು ಮಾಡುವ ಮಾತೇ ಇಲ್ಲ. ಮೂಗು ಮುರಿದದ್ದು ಅದಕ್ಕೇ.

ತೊಂದರೆ ಒಂದೇ ದಿಕ್ಕಿನಲ್ಲಿ ಇದ್ದದ್ದರಿಂದ ಒಂದು ತಂತಿ ಕಡಿದಿರಬೇಕು ಅಂದುಕೊಂಡೆ. ಟಚ್ಚಿನ ಬಾಲದಂಥ ಪಟ್ಟಿ ಕನೆಕ್ಟರಿನಿಂದ ಬಿಡಿಸಿ, ಮೀಟರಿನ ಕಡ್ಡಿಗಳಿಗೆ ಹೊಲಿಗೆ ಸೂಜಿ ಕಟ್ಟಿ ಅಳೆದೆ. ಕಡ್ಡಿ ದಪ್ಪ, ಅಷ್ಟು ಸಣ್ಣ ಜಾಗಕ್ಕೆ ಹೋಗಲ್ಲ. ಒಂದು ಜೋಡಿಯಲ್ಲಿ 300 ಚಿಲ್ಲರೆ ಓಮ್ ಬಂತು. ಇನ್ನೊಂದು ಜೋಡಿಯಲ್ಲಿ ಏನೂ ಇಲ್ಲ, ಪೂರ್ತಿ ಓಪನ್, ಅಂದರೆ ದಾರಿ ಕಡಿದಿದೆ. ಬಾಲವನ್ನು ಸ್ವಲ್ಪ ಬಾಗಿಸಿದರೆ ಒಂದು ಕ್ಷಣ 500ರ ಆಸುಪಾಸು ತೋರಿಸಿ ಮತ್ತೆ ಮಾಯ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ಗಾಜಿನ ಮೂಲೆಯಲ್ಲಿ, ಬಾಲ ಶುರುವಾಗುವ ಕಡೆ, ಕೂದಲಿನಷ್ಟು ತೆಳು ಬಿರುಕು ಕಂಡಿತು. ಬಸ್ಸಿನ ಕತೆ ಅಲ್ಲಿಗೆ ತಾಳೆಯಾಯಿತು.

ಒಳ್ಳೆಯದು ಏನೆಂದರೆ ಇದರಲ್ಲಿ ಟಚ್ ಬೇರೆ, ಡಿಸ್‌ಪ್ಲೇ ಬೇರೆ. ಈಗಿನ ಫೋನಿನ ಥರ ಎರಡೂ ಸೇರಿಸಿ ಅಂಟಿಸಿಲ್ಲ. ಆನ್‌ಲೈನಿನಲ್ಲಿ ಟಚ್ ಮಾತ್ರ 280 ರೂಪಾಯಿಗೆ ಮೊದಲೇ ತರಿಸಿಟ್ಟುಕೊಂಡಿದ್ದೆ, ಅನುಮಾನ ಇದ್ದೇ ಇತ್ತು. ಹೇರ್ ಡ್ರೈಯರಿನಲ್ಲಿ ಫ್ರೇಮ್ ಸುತ್ತ ಬಿಸಿ ಮಾಡಿ, ಎಟಿಎಂ ಕಾರ್ಡ್ ತೂರಿಸಿ ಹಳೆಯದನ್ನು ಎಬ್ಬಿಸಿದೆ. ಹಳೆಯ ಅಂಟು ಹಲಸಿನ ಹಣ್ಣಿನ ಮೇಣದ ಹಾಗೆ, ಎಳೆದಷ್ಟೂ ಬರುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಲು ಮುಕ್ಕಾಲು ಗಂಟೆ ಹಿಡಿಯಿತು. ಡಿಸ್‌ಪ್ಲೇ ಮೇಲೆ ಧೂಳು ಕೂರಬಾರದೆಂದು ಫ್ಯಾನ್ ಆರಿಸಿ, ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿಸಿ, ಅದು ಇಳಿದ ಮೇಲೆ ಅಲ್ಲೇ ಕೂತು ಹೊಸದನ್ನು ಕೂರಿಸಿದೆ. ಹಬೆ ಧೂಳನ್ನು ನೆಲಕ್ಕೆ ಇಳಿಸುತ್ತೆ. ಇಷ್ಟೆಲ್ಲ ಮಾಡಿಯೂ ಒಂದು ನೂಲಿನ ಎಳೆ ಒಳಗೆ ಸೇರಿಕೊಂಡಿದೆ, ಗಡಿಯಾರದ ಪಕ್ಕದಲ್ಲೇ. ಇರಲಿ ಬಿಡಿ.

ಹಚ್ಚಿದಾಗ ಟಚ್ ಎಲ್ಲ ಕಡೆಯೂ ಕೆಲಸ ಮಾಡಿತು, ಆದರೆ ಒಂದು ಅಕ್ಕಿ ಕಾಳಿನಷ್ಟು ಪಕ್ಕಕ್ಕೆ. ಸೆಟ್ಟಿಂಗ್ಸ್ ಒಳಗೆ ಟಚ್ ಕ್ಯಾಲಿಬ್ರೇಶನ್ ಇದೆ, ಅಲ್ಲಿ ತೋರಿಸುವ ಗುರುತುಗಳನ್ನು ಒಂದೊಂದಾಗಿ ಒತ್ತಬೇಕು. ಇದನ್ನು ಸ್ಟೈಲಸ್ಸಿನಲ್ಲೇ ಮಾಡಿ, ಬೆರಳಿನಲ್ಲಿ ಬೇಡ. ನಾನು ಬೆರಳಿನಲ್ಲಿ ಮಾಡಿ, ಇನ್ನೂ ಕೆಡಿಸಿಕೊಂಡು, ಮತ್ತೆ ಮಾಡಿದೆ.

ಅವತ್ತು ರಾತ್ರಿ ಸಿಮ್ ಹಾಕಲು ಹೋದದ್ದು ತಪ್ಪಾಯಿತು. ಈಗಿನದು ನ್ಯಾನೋ ಸಿಮ್, ಇದಕ್ಕೆ ಬೇಕಾದ್ದು ಹಳೆಯ ದೊಡ್ಡ ಸಿಮ್. ಅಡಾಪ್ಟರಿನಲ್ಲಿಟ್ಟು ತಳ್ಳಿದೆ, ಅಡಾಪ್ಟರ್ ಪೂರ್ತಿ ಒಳಗೆ ಹೋಗುವ ಮೊದಲೇ ನ್ಯಾನೋ ಸಿಮ್ ಕಳಚಿ ಅಡ್ಡ ಕೂತಿತು. ಎಳೆದರೆ ಒಳಗಿನ ಪಿನ್ನುಗಳು ಕಿತ್ತುಬರುತ್ತವೆ. ಈ ಫೋನಿನಲ್ಲಿ ಸಿಮ್ ತೆಗೆಯಬೇಕಾದರೆ ಬ್ಯಾಟರಿ ತೆಗೆದು, ಅದರಡಿಯಲ್ಲಿರುವ ಸಂದಿಯಲ್ಲಿ ಸ್ಟೈಲಸ್ ತುದಿ ಇಟ್ಟು ಹೊರಗೆ ತಳ್ಳಬೇಕು. ಹಾಗೆ ತಳ್ಳುತ್ತ, ಬಾಗಿಲಿನ ಕಡೆಯಿಂದ ತೆಳು ಪ್ಲಾಸ್ಟಿಕ್ ಚೂರು ತೂರಿಸಿ ಸಿಮ್ಮನ್ನು ಒತ್ತಿ ಹಿಡಿದು, ಉಸಿರು ಬಿಗಿ ಹಿಡಿದುಕೊಂಡು ಹೊರಗೆ ತಂದೆ. ಆಮೇಲೆ ಅಡಾಪ್ಟರಿನ ಹಿಂಬದಿಗೆ ಸೆಲ್ಲೋಟೇಪ್ ಹಾಕಿದೆ. ಮೊದಲೇ ಹಾಕಿದ್ದರೆ ಒಂದು ಗಂಟೆ ಉಳಿಯುತ್ತಿತ್ತು.

ಸಿಮ್ ಬದಲಾದದ್ದು ನೋಡಿ ಫೋನ್ ಲಾಕ್ ಕೋಡ್ ಕೇಳಿತು. ಚಿಕ್ಕಪ್ಪನಿಗೆ ನೆನಪಿಲ್ಲ. ನಾನು 12345 ಒತ್ತಿದೆ, ತೆರೆಯಿತು. ಅವರು ಕಂಪನಿ ಕೊಟ್ಟ ಕೋಡನ್ನು ಒಂದು ದಿನವೂ ಬದಲಾಯಿಸಿರಲಿಲ್ಲ. "ಅದು ನನಗೆ ಗೊತ್ತಿತ್ತು, ನಿನ್ನ ಪರೀಕ್ಷೆ ಮಾಡ್ತಿದ್ದೆ" ಅಂದರು.

ಜಿಯೋ ಸಿಮ್ ಇದರಲ್ಲಿ ನಡೆಯಲ್ಲ, ಅವರಲ್ಲಿ 2ಜಿ 3ಜಿ ಇಲ್ಲವೇ ಇಲ್ಲ. ಏರ್‌ಟೆಲ್ 3ಜಿ ನಿಲ್ಲಿಸಿದ್ದರೂ 2ಜಿ ಉಳಿಸಿಕೊಂಡಿದೆ, ಹಾಗಾಗಿ ಅದರ ಸಿಮ್ ಹಾಕಿದೆ, ನಾಲ್ಕು ಕಡ್ಡಿ ಸಿಗ್ನಲ್ ಬಂತು. ಈ ಫೋನಿನ ಹಣೆಬರಹ ನೋಡಿ. 3ಜಿ ಇತ್ತು, 3.6 ಎಂಬಿಪಿಎಸ್ ತನಕ. ವಿಡಿಯೋ ಕಾಲಿಗೆ ಅಂತ ಮುಂದೆಯೂ ಒಂದು ಕ್ಯಾಮೆರಾ ಇತ್ತು. ಆದರೆ ಖಾಸಗಿ ಕಂಪನಿಗಳಿಗೆ 3ಜಿ ಹರಾಜು ಆದದ್ದೇ 2010ರಲ್ಲಿ, ಬೆಂಗಳೂರಿನಲ್ಲಿ ಏರ್‌ಟೆಲ್ 3ಜಿ ಶುರುವಾದದ್ದು 2011ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಚಿಕ್ಕಪ್ಪ 2ಜಿಯ ನಿಧಾನದ ಇಂಟರ್ನೆಟ್ಟಾದ ಎಡ್ಜ್‌ನಲ್ಲೇ ಎರಡು ವರ್ಷ ಕಳೆದಿದ್ದರು. ಈಗ ಅದೇ ಎಡ್ಜ್‌ಗೆ ವಾಪಸ್. ಮುಂದಿನ ಕ್ಯಾಮೆರಾಗೆ ಕೆಲಸ ಸಿಕ್ಕಿದ್ದು ಚಿಕ್ಕಮ್ಮ ಕನ್ನಡಿ ಬದಲು ನೋಡಿಕೊಂಡಾಗ ಮಾತ್ರ.

ಅಮ್ಮನಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಿದರು, ಆದರೆ ಅವರ ಮಾತು ಕೇಳಿಸಲಿಲ್ಲ. ಲೌಡ್‌ಸ್ಪೀಕರ್ ಹಾಕಿದರೆ ಕೇಳಿಸುತ್ತೆ. ಅಂದರೆ ಕಿವಿಗೆ ಇಡುವ ಸ್ಪೀಕರ್ ಹೋಗಿದೆ. ಬಿಚ್ಚಿದಾಗಲೇ ನೋಡಬೇಕಿತ್ತು, ಮುಚ್ಚುವ ಮೊದಲು ಒಂದು ಕರೆ ಮಾಡಿ ನೋಡುವಷ್ಟು ತಾಳ್ಮೆ ಇರಲಿಲ್ಲ.

ಮೂರನೇ ಭಾನುವಾರ ಮತ್ತೆ ಬಿಚ್ಚಿದೆ. ಸ್ಕ್ರೂಗಳ ಹಾಳೆ ಇದ್ದದ್ದಕ್ಕೆ ಹತ್ತು ನಿಮಿಷದ ಕೆಲಸ. ಆ ಸ್ಪೀಕರಿಗೆ ಬೆಸುಗೆ ಇಲ್ಲ, ಸ್ಪ್ರಿಂಗಿನಂಥ ಎರಡು ಪುಟ್ಟ ಕಾಲುಗಳು ಎದುರಿನ ಲೋಹದ ಚುಕ್ಕೆಗೆ ಒತ್ತಿಕೊಂಡಿರುತ್ತವೆ ಅಷ್ಟೇ. ವರ್ಷಗಟ್ಟಲೆ ಬೆವರು, ಅಟ್ಟದ ಧೂಳು, ಮಳೆಗಾಲದ ತೇವ. ಚುಕ್ಕೆ ಕಪ್ಪಾಗಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆತ್ತಗೆ ಉಜ್ಜಿ, ಆಲ್ಕೋಹಾಲಿನಲ್ಲಿ ಒರೆಸಿ, ಸೂಜಿಯಿಂದ ಆ ಕಾಲುಗಳನ್ನು ಕೂದಲೆಳೆಯಷ್ಟು ಮೇಲೆತ್ತಿದೆ. ಮುಚ್ಚದೆಯೇ ಒತ್ತಿ ಹಿಡಿದು ಮತ್ತೆ ಅಮ್ಮನಿಗೆ ಮಾಡಿದೆ. "ಎಷ್ಟು ಸಲ ಮಾಡ್ತೀಯೋ, ಒಲೆ ಮೇಲೆ ಸಾರಿದೆ" ಅಂದದ್ದು ಸ್ಪಷ್ಟವಾಗಿ ಕೇಳಿಸಿತು.

ವೈಫೈ ಬಗ್ಗೆ ಎರಡು ಮಾತು. ಇದರದು ಬಿ ಮತ್ತು ಜಿ ಅನ್ನುವ ಹಳೆಯ ಬಗೆಗಳು ಮಾತ್ರ, ಅಂದರೆ 2.4 ಗಿಗಾಹರ್ಟ್ಸ್. ನನ್ನ ಮೊಬೈಲಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸಿನಲ್ಲಿ ಇದ್ದದ್ದರಿಂದ ಇದಕ್ಕೆ ಕಾಣಿಸಲೇ ಇಲ್ಲ. ಅದನ್ನು 2.4ಕ್ಕೆ ಇಳಿಸಿ, ಭದ್ರತೆಯನ್ನು ಡಬ್ಲ್ಯುಪಿಎ3 ಬದಲು ಡಬ್ಲ್ಯುಪಿಎ2 ಮಾಡಿದ ಮೇಲೆ ಸೇರಿಕೊಂಡಿತು. ಸೇರಿ ಏನು ಪ್ರಯೋಜನ, ಹೆಚ್ಚುಕಡಿಮೆ ಯಾವ ಸೈಟೂ ತೆರೆಯಲಿಲ್ಲ. ಇವತ್ತಿನ ಎಚ್‌ಟಿಟಿಪಿಎಸ್ (ಸೈಟೂ ಫೋನೂ ಗುಟ್ಟಾಗಿ ಮಾತಾಡುವ ರೀತಿ) ಭಾಷೆ ಇದಕ್ಕೆ ಬರಲ್ಲ. ವಾಟ್ಸಾಪ್ ಸಿಂಬಿಯನ್ನನ್ನು ಕೈಬಿಟ್ಟಿದ್ದು 2017ರ ಜೂನ್ ಕೊನೆಗೆ. ವೈಫೈ ಚಿಪ್ಪಿಗೆ ಏನೂ ಆಗಿಲ್ಲ, ಅನುಮಾನವಿದ್ದರೆ ಲ್ಯಾಪ್‌ಟಾಪಿನಲ್ಲಿ ಪೈಥಾನಿನ ಸಣ್ಣ ಎಚ್‌ಟಿಟಿಪಿ ಸರ್ವರ್ ಎಬ್ಬಿಸಿ ನೋಡಿ. ನಾನು ಹಾಗೆ ಒಂದು ಹಾಡು ಇಳಿಸಿಕೊಂಡೆ, ಚಕ್ಕಂತ ಬಂತು. ಹಳೆಯ ಆ್ಯಪ್ ಹಾಕುವಾಗ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂದರೆ ಫೋನಿನ ತಾರೀಖನ್ನು 2010ಕ್ಕೆ ಹಿಂದೆ ಹಾಕಿ ಹಾಕಿಕೊಳ್ಳಬಹುದು, ಆಮೇಲೆ ಮುಂದಕ್ಕೆ ತಂದರಾಯಿತು. ಆಗ ನಾವೆಲ್ಲ ಇದನ್ನೇ ಮಾಡುತ್ತಿದ್ದದ್ದು. ಆಗಿನ ಇನ್ನೊಂದು ಉಪಾಯವೂ ನೆನಪಾಯಿತು. ಎಷ್ಟೋ ಫೋನುಗಳಲ್ಲಿ ಕನ್ನಡ ಅಕ್ಷರದ ಬದಲು ಚೌಕಗಳು ಕಾಣುತ್ತಿದ್ದಾಗ, ಒಪೆರಾ ಮಿನಿಯ ಕಾನ್ಫಿಗ್ ಪುಟಕ್ಕೆ ಹೋಗಿ ಬಿಟ್‌ಮ್ಯಾಪ್ ಫಾಂಟ್ ಆನ್ ಮಾಡಿದರೆ ಅಕ್ಷರಗಳೇ ಚಿತ್ರವಾಗಿ ಬರುತ್ತಿದ್ದವು. ನಾನು ಮೊಬೈಲಿನಲ್ಲಿ ಮೊದಲು ಕನ್ನಡ ಓದಿದ್ದು ಹಾಗೇ, ಇದೇ ಫೋನಿನಲ್ಲಿ, ಚಿಕ್ಕಪ್ಪ ಮಧ್ಯಾಹ್ನ ಮಲಗಿದ್ದಾಗ.

ಇನ್ನು ಅಜ್ಜಿಯ ರೇಡಿಯೋ. ಎಫ್‌ಎಂಗೆ ಇಯರ್‌ಫೋನ್ ವೈರೇ ಆಂಟೆನಾ, ಅದು ಚುಚ್ಚಿರಲೇಬೇಕು. ಜೊತೆಗೆ ಬಂದಿದ್ದ ಇಯರ್‌ಫೋನ್ ಇಲಿ ಕಡಿದಿತ್ತು. ನನ್ನ ಹೊಸ ಮೈಕ್ ಇರುವ ಇಯರ್‌ಫೋನ್ ಹಾಕಿ, ಮೊದಲು ಕಾರ್ಡಿನಲ್ಲಿದ್ದ ಹಾಡು ಹಚ್ಚಿದೆ. ಪಿಟೀಲು ಇದೆ, ತಬಲ ಇದೆ, ಹಾಡುವವರೇ ಇಲ್ಲ! ಇನ್ನೊಂದು ಹಚ್ಚಿದೆ, ಪಿ.ಬಿ. ಶ್ರೀನಿವಾಸ್ ಅವರದು, ಹಳೆಯದು. ಅದು ಎಲ್ಲೋ ಬಾವಿಯೊಳಗೆ ಹಾಡಿದ ಹಾಗೆ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗೆ. ಜ್ಯಾಕ್ ಹೋಯಿತು ಅಂದುಕೊಂಡು ಮತ್ತೆ ಸ್ಕ್ರೂಡ್ರೈವರ್ ಎತ್ತಿದ್ದೆ. ಅಷ್ಟರಲ್ಲಿ ಕೈತಪ್ಪಿ ಇಯರ್‌ಫೋನಿನ ಬಟನ್ ಒತ್ತಿಹೋಯಿತು, ಒತ್ತಿದಷ್ಟು ಹೊತ್ತು ದನಿ ಪೂರ್ತಿ ಬಂತು.

ವಿಷಯ ಇಷ್ಟು. ಮೈಕ್ ಇರುವ ಪ್ಲಗ್ಗಿನಲ್ಲಿ ನಾಲ್ಕು ಉಂಗುರ. ಎಡ, ಬಲ, ಆಮೇಲೆ ಮೈಕು ಮತ್ತು ಗ್ರೌಂಡ್ (ಕರೆಂಟು ವಾಪಸ್ ಹೋಗುವ ದಾರಿ). ಕೊನೆಯ ಎರಡರ ಕ್ರಮ ಆಗಿನ ನೋಕಿಯಾದಲ್ಲಿ ಒಂದು ಥರ, ಈಗಿನವುಗಳಲ್ಲಿ ಅದರ ಉಲ್ಟಾ. ಮೊದಲಿನದಕ್ಕೆ ಒಎಂಟಿಪಿ, ಈಗಿನದಕ್ಕೆ ಸಿಟಿಐಎ ಅಂತ ಹೆಸರು. ಉಲ್ಟಾ ಆದಾಗ ಗ್ರೌಂಡ್ ಸಿಗದೆ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ ಕಿವಿಗೆ ಬರುತ್ತೆ. ಗಾಯಕರ ದನಿ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಸಮ ಇರುವುದರಿಂದ ಒಂದನ್ನೊಂದು ಹೊಡೆದುಹಾಕುತ್ತದೆ. ಹಳೆಯ ಹಾಡು ಪೂರ್ತಿ ಮೋನೋ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು, ಹಾಗಾಗಿ ಅದು ಹೆಚ್ಚುಕಡಿಮೆ ಪೂರ್ತಿ ಮಾಯ. ಬಟನ್ ಒತ್ತಿದರೆ ಮೈಕಿನ ತಂತಿ ಗ್ರೌಂಡಿಗೆ ಸೇರುವುದರಿಂದ ಎಲ್ಲ ಸರಿ. ಟಿವಿಗೆ ಹಾಕುವ ಕೇಬಲ್ಲೂ ಇದೇ ಜ್ಯಾಕಿಗೇ, ಅದರಲ್ಲೂ ಹೀಗೇ ಉಂಗುರಗಳ ಗಲಾಟೆ.

ಪರಿಹಾರ ತೀರಾ ಅಗ್ಗ. ಮೈಕ್ ಇಲ್ಲದ ಮೂರು ಉಂಗುರದ ಹಳೇ ಪ್ಲಗ್ ಹಾಕಿದರೆ ಈ ತಕರಾರೇ ಇಲ್ಲ. ಒಂದು ಕೆಟ್ಟ ಇಯರ್‌ಫೋನಿನ ಬಡ್ಸ್ ಎರಡನ್ನೂ ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ವೈರನ್ನು ಅಡುಗೆಮನೆ ಕಿಟಕಿಯ ಸರಳಿಗೆ ಕಟ್ಟಿದೆ. ರೇಡಿಯೋದಲ್ಲಿ ಲೌಡ್‌ಸ್ಪೀಕರ್ ಆನ್ ಮಾಡಿ 100.6ಕ್ಕೆ ಇಟ್ಟೆ. ಆಕಾಶವಾಣಿ ಮೈಸೂರು. ಎರಡು ಸ್ಪೀಕರ್ ಇರುವುದರಿಂದ ಸದ್ದು ಹಾಲಿನ ತನಕ ಬರುತ್ತೆ. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದೇ ಈ ಊರಿನಲ್ಲಿ, 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಶುರು ಮಾಡಿದ ರೇಡಿಯೋ ಕೇಂದ್ರದಿಂದ. ಅಜ್ಜಿಗೆ ಇದನ್ನು ಹೇಳಿದರೆ "ಗೊತ್ತು, ಸುಮ್ನಿರು, ವಾರ್ತೆ ಬರ್ತಿದೆ" ಅಂದರು.

ಬಳಸಿದ್ದರ ಲೆಕ್ಕ ಬೇಕಾದವರಿಗೆ: ಟಚ್ 280, ದಂಡದ ಬ್ಯಾಟರಿ 250, ಸಿಮ್ ಅಡಾಪ್ಟರ್ 20. ಲೂಮಿಯಾದ ಬ್ಯಾಟರಿಯಲ್ಲಿ ದಿನಕ್ಕೆ ನಾಲ್ಕು ಗಂಟೆ ರೇಡಿಯೋ ಹಾಕಿದರೂ ಎರಡು ದಿನ ಬರುತ್ತಿದೆ, ಆದರೆ ಅದಕ್ಕೂ ವಯಸ್ಸಾಗಿದೆ, ವಾರಕ್ಕೊಮ್ಮೆ ಮೇಜಿನ ಮೇಲೆ ತಿರುಗಿಸಿ ನೋಡುತ್ತೇನೆ. ಯುಎಸ್‌ಬಿ ಮುಚ್ಚಳದ ಜಾಗಕ್ಕೆ ಸೈಕಲ್ ಟ್ಯೂಬಿನ ಒಂದು ಚೂರು ಕತ್ತರಿಸಿ ತುರುಕಿದ್ದೇನೆ, ಒಗ್ಗರಣೆ ಎಣ್ಣೆ ಹಾರಿ ಒಳಗೆ ಹೋಗದಿರಲಿ ಅಂತ.